ಮನೆಯಲ್ಲಿ ಎಷ್ಟು ಜನ?

(ಮಲೆನಾಡಿನ ಒಂದು ಊರಿನ ಗ್ರಂಥಾಲಯದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ಇವತ್ತಿನ ವಿಷಯ 'ಜನಸಂಖ್ಯಾ ಭೂಗೋಳದ ಮೂಲ ಪರಿಕಲ್ಪನೆಗಳು' ಅಂತ ಅಚ್ಚಾಗಿದೆ. ಅದನ್ನು ಓದಿದ ಮೇಲೂ ಇಷ್ಟು ಜನ ಬಂದಿದ್ದೀರಿ ಅಂದರೆ ನಿಮ್ಮ ಧೈರ್ಯ ಮೆಚ್ಚಬೇಕು. ನಾನು ಹೈಸ್ಕೂಲಿನಲ್ಲಿ ಇದೇ ಪಾಠ ಮಾಡಿದವನು. ಊಟದ ನಂತರದ ಪೀರಿಯಡ್ಡಿನಲ್ಲಿ 'ಜನಸಾಂದ್ರತೆ' ಅಂದ ಕೂಡಲೇ ಹಿಂದಿನ ಬೆಂಚು ತೂಕಡಿಸೋಕೆ ಶುರು ಮಾಡುತ್ತಿತ್ತು. ಅದಕ್ಕೇ ಇವತ್ತು ವ್ಯಾಖ್ಯೆ ಬೇಡ. ಒಂದು ಅಡುಗೆಮನೆಯಿಂದ ಶುರು ಮಾಡೋಣ.

2001ರ ಫೆಬ್ರವರಿ. ಜನಗಣತಿ ಕೆಲಸಕ್ಕೆ ಮೇಷ್ಟ್ರುಗಳನ್ನು ಹಾಕುತ್ತಾರೆ, ಗೊತ್ತಲ್ಲ. ನನಗೂ ಒಂದು ಬ್ಲಾಕು ಕೊಟ್ಟಿದ್ದರು. ಇಲ್ಲಿಂದ ದೂರ ಏನಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಗುಡ್ಡ, ಒಂದು ಹಳ್ಳ. ಅಂಥದ್ದೊಂದು ಒಂಟಿಮನೆಗೆ ಹೋದೆ. ಜಗಲಿಯಲ್ಲಿ ಯಜಮಾನರು ಅಡಿಕೆ ಕತ್ತರಿಸುತ್ತಾ ಕೂತಿದ್ದರು. ಅವರಿಗೆ ಕಿವಿ ಸ್ವಲ್ಪ ಮಂದ. ಅವರ ಹೆಂಡತಿ ಒಳಗೆ ಕರೆದು ಕಾಫಿ ಕೊಟ್ಟರು. ಫಾರಂ ತೆಗೆದು ಕೇಳಿದೆ: "ಅಮ್ಮ, ಮನೇಲಿ ಎಷ್ಟು ಜನ?"

"ಹನ್ನೊಂದು ಜನ ಮೇಷ್ಟ್ರೇ."

ಗೋಡೆಯ ಸ್ಟ್ಯಾಂಡಿನಲ್ಲಿ ಹನ್ನೊಂದು ಸ್ಟೀಲ್ ತಟ್ಟೆ ಇದ್ದವು. ಒಂದೊಂದರ ಮೇಲೂ ಹೆಸರು ಕೆತ್ತಿಸಿದ್ದರು. ಹೌದು, ಹನ್ನೊಂದೇ. ಆದರೆ ಎರಡು ಮಾತ್ರ ಒದ್ದೆ ಇದ್ದವು. ಉಳಿದ ಒಂಬತ್ತರ ಮೇಲೆ ತೆಳ್ಳಗೆ ಮಸಿ ಕೂತಿತ್ತು.

ದೊಡ್ಡ ಮಗ, ಸೊಸೆ, ಇಬ್ಬರು ಮಕ್ಕಳು ಬೆಂಗಳೂರಿನಲ್ಲಿ. ಎರಡನೆಯವನ ಸಂಸಾರ ಮುಂಬೈಯಲ್ಲಿ, ಅಲ್ಲೂ ನಾಲ್ಕು ಜನ. ಕೊನೆಯವನು ಮಂಗಳೂರಿನಲ್ಲಿ, ಮದುವೆ ಆಗಿರಲಿಲ್ಲ. "ಅವರು ಅಲ್ಲಿ ಇದ್ದಾರೆ ಅಂದ ಮಾತ್ರಕ್ಕೆ ಈ ಮನೆಯವರಲ್ವಾ? ಅವರನ್ನ ಬಿಟ್ಟು ಬರೀತೀರಾ?" ಅಂತ ಆ ತಾಯಿ ಕೇಳಿದರು. ನನಗೆ ಬಾಯಿ ಬರಲಿಲ್ಲ. ಹನ್ನೊಂದು ಅಂತಲೇ ಬರೆದುಕೊಂಡು ಬಂದೆ. ಮೇಲ್ವಿಚಾರಕರು ಫಾರಂ ನೋಡಿ, "ಮೇಷ್ಟ್ರೇ, ಇದು ಶ್ರಾದ್ಧದ ಲೆಕ್ಕ ಅಲ್ಲ, ಗಣತಿ" ಅಂದರು. ಸಾಯಂಕಾಲ ಮತ್ತೆ ಗುಡ್ಡ ಹತ್ತಿ ಹೋಗಿ ಎರಡು ಅಂತ ತಿದ್ದಿದೆ. ತಪ್ಪು ಪೂರ್ತಿ ನನ್ನದೇ.

ಆ ಒಂಬತ್ತು ಒಣ ತಟ್ಟೆಗಳ ಜನ ಎಲ್ಲಿ, ಯಾಕೆ ಹೋದರು, ಹೋದದ್ದರಿಂದ ಇಲ್ಲಿ ಏನಾಯಿತು, ಅಲ್ಲಿ ಏನಾಯಿತು? ಜನಸಂಖ್ಯಾ ಭೂಗೋಳ ಕೇಳೋದು ಇಷ್ಟನ್ನೇ. ಜನರನ್ನು ಎಣಿಸೋ ಶಾಸ್ತ್ರ ಬೇರೆ ಇದೆ, ಅದು ಬಹಳ ಹಳೆಯದು. ಎಣಿಕೆಯ ಮುಂದೆ 'ಎಲ್ಲಿ' ಅನ್ನೋ ಪ್ರಶ್ನೆ ಇಟ್ಟರೆ ಭೂಗೋಳ ಆಗುತ್ತದೆ. 1953ರಲ್ಲಿ ಗ್ಲೆನ್ ಟ್ರಿವಾರ್ಥ ಅನ್ನೋ ಅಮೆರಿಕದ ಪ್ರೊಫೆಸರ್ ತಮ್ಮ ಭೂಗೋಳ ಸಂಘದ ಅಧ್ಯಕ್ಷ ಭಾಷಣದಲ್ಲಿ, ನಾವು ಬೆಟ್ಟ, ಹೊಳೆ, ಬೆಳೆ ಎಲ್ಲ ಓದುತ್ತೇವೆ, ಮನುಷ್ಯನನ್ನೇ ಮರೆತಿದ್ದೇವೆ ಅನ್ನೋ ಅರ್ಥದಲ್ಲಿ ವಾದ ಮಾಡಿದರು. ಅಲ್ಲಿಂದ ಇದಕ್ಕೆ ಒಂದು ಪ್ರತ್ಯೇಕ ಕುರ್ಚಿ ಸಿಕ್ಕಿತು.

ಈಗ 'ಎಲ್ಲಿ' ಅಂತ ಕೇಳಿದರೆ ಏನಾಗುತ್ತದೆ ನೋಡಿ. 2001ರಲ್ಲಿ ಕರ್ನಾಟಕದಲ್ಲಿ 5 ಕೋಟಿ 28 ಲಕ್ಷ ಜನ ಇದ್ದರು. 2011ರಲ್ಲಿ 6 ಕೋಟಿ 11 ಲಕ್ಷ. ಬೆಳವಣಿಗೆ ಶೇಕಡಾ 15.6. ಪೇಪರಿನಲ್ಲಿ ಇಷ್ಟೇ ಬರುತ್ತದೆ. ನಾವೂ 'ಜನಸಂಖ್ಯೆ ಜಾಸ್ತಿ ಆಗ್ತಾನೇ ಇದೆ' ಅಂತ ತಲೆ ಅಲ್ಲಾಡಿಸಿ ಪುಟ ಮಗುಚುತ್ತೇವೆ. ಆದರೆ ಬೆಂಗಳೂರು ನಗರ ಜಿಲ್ಲೆ ಶೇಕಡಾ 47ರಷ್ಟು ಬೆಳೆಯಿತು. ಯಾದಗಿರಿ ಸುಮಾರು 23. ಕೊಡಗು 1ರ ಆಸುಪಾಸು. ನಮ್ಮ ಚಿಕ್ಕಮಗಳೂರು? 2001ರಲ್ಲಿ 11,40,905 ಜನ, 2011ರಲ್ಲಿ 11,37,961. ಹತ್ತು ವರ್ಷ ಕಳೆದು 2,944 ಜನ ಕಮ್ಮಿ! ಇಡೀ ರಾಜ್ಯಕ್ಕೆ ಸೇರಿಕೊಂಡ 82 ಲಕ್ಷ ಜನರಲ್ಲಿ ಸುಮಾರು 31 ಲಕ್ಷ ಬೆಂಗಳೂರು ನಗರ ಜಿಲ್ಲೆ ಒಂದಕ್ಕೇ ಹೋದರು. ಹಾಗಾದರೆ 15.6 ಅನ್ನೋದು ಯಾವ ಊರಿನ ಕತೆ? ಯಾವ ಊರಿನದ್ದೂ ಅಲ್ಲ.

ಒಂದು ಊರಿನ ಜನಸಂಖ್ಯೆ ಬದಲಾಗೋಕೆ ಇರುವುದು ನಾಲ್ಕೇ ದಾರಿ. ಹುಟ್ಟಬೇಕು, ಸಾಯಬೇಕು, ಬರಬೇಕು, ಹೋಗಬೇಕು. ಐದನೆಯದು ಇಲ್ಲ. ಮೊದಲಿದ್ದ ಜನಕ್ಕೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆಯಿರಿ, ಬಂದವರನ್ನು ಕೂಡಿಸಿ, ಹೋದವರನ್ನು ಕಳೆಯಿರಿ. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ. ಹುಟ್ಟಿಗೂ ಸಾವಿಗೂ ಇರುವ ವ್ಯತ್ಯಾಸಕ್ಕೆ ಸ್ವಾಭಾವಿಕ ಬೆಳವಣಿಗೆ ಅಂತಾರೆ. ಬಂದವರಿಗೂ ಹೋದವರಿಗೂ ಇರುವ ವ್ಯತ್ಯಾಸ ನಿವ್ವಳ ವಲಸೆ. ಚಿಕ್ಕಮಗಳೂರಿನಲ್ಲಿ ಆ ಹತ್ತು ವರ್ಷ ಸತ್ತವರಿಗಿಂತ ಹುಟ್ಟಿದವರೇ ಜಾಸ್ತಿ. ಆದರೂ ಮೊತ್ತ ಕುಗ್ಗಿತು ಅಂದರೆ ಆ ಹೆಚ್ಚುವರಿಯನ್ನು ಬಸ್ ಸ್ಟ್ಯಾಂಡು ತಿಂದುಹಾಕಿತು ಅಂತ ಅರ್ಥ.

ಯಾಕೆ ಹೋದರು? ಆ ದಶಕದ ಶುರುವಿನಲ್ಲಿ ಕಾಫಿ ಬೆಲೆ ನೆಲ ಕಚ್ಚಿದ್ದು ನಿಮಗೆ ನೆನಪಿರಬೇಕು. ಚೀಲ ಕಟ್ಟಿದ ಕೂಲಿಯೂ ಹುಟ್ಟದ ವರ್ಷಗಳು ಅವು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿ ನಿಂತಿತು. ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಇದ್ದ ಊರು ಖಾಲಿಯಾಗತೊಡಗಿತು. ಗಣಿ ನಿಂತದ್ದು ಕಾಡಿಗೆ ಒಳ್ಳೆಯದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಗಣತಿ ಪುಸ್ತಕಕ್ಕೆ ಅದರ ಲಾಭ-ನಷ್ಟ ಬೇಡ, ಎಷ್ಟು ಮನೆಗೆ ಬೀಗ ಅಂತ ಮಾತ್ರ ಬೇಕು. ಇದರ ಜೊತೆಗೆ ಓದಿದ ಹುಡುಗ ಹುಡುಗಿಯರೂ ಹೊರಟರು.

ಹುಟ್ಟು ಸಾವಿನ ಕತೆಗೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ ಎಣಿಸಿದಾಗ 50,55,412 ಜನ ಇದ್ದರು. ಹತ್ತು ವರ್ಷ ಬಿಟ್ಟು 1881ರಲ್ಲಿ ಎಣಿಸಿದರೆ 41,86,188. ಎಂಟೂಮುಕ್ಕಾಲು ಲಕ್ಷ ಕಮ್ಮಿ ಅನ್ನಿ. ನಡುವೆ ಬಂದಿದ್ದು ಧಾತು-ಈಶ್ವರ ಬರ. ಧಾತು, ಈಶ್ವರ ಅನ್ನೋದು ಆ ಎರಡು ಸಂವತ್ಸರಗಳ ಹೆಸರು. ನಮ್ಮ ಅಜ್ಜಿ ಅನ್ನ ಚೆಲ್ಲಿದ ಮಕ್ಕಳಿಗೆ "ಧಾತು ಈಶ್ವರ ನೋಡಿದ್ರೆ ಗೊತ್ತಾಗ್ತಿತ್ತು" ಅಂತ ಬೈಯುತ್ತಿದ್ದರು. ಅವರೂ ಅದನ್ನು ನೋಡಿದವರಲ್ಲ. ಅವರ ಅಜ್ಜಿ ಬೈದಿದ್ದನ್ನು ಕೇಳಿಸಿಕೊಂಡವರು.

ಇದನ್ನು ಹೇಳಿದರೆ ಓದಿದವರು ಯಾರಾದರೂ ಮಾಲ್ತಸ್ ಹೆಸರು ತೆಗೆಯುತ್ತಾರೆ. 1798ರಲ್ಲಿ ಬರೆದ ಇಂಗ್ಲೆಂಡಿನ ಪಾದ್ರಿ. ಜನ ಗುಣಾಕಾರದಲ್ಲಿ ಬೆಳೆಯುತ್ತಾರೆ, ಅನ್ನ ಕೂಡುವ ಲೆಕ್ಕದಲ್ಲಿ ಬೆಳೆಯುತ್ತದೆ, ಕೊನೆಗೆ ಬರ, ರೋಗ, ಯುದ್ಧ ಬಂದು ಸರಿ ಮಾಡುತ್ತವೆ ಅಂದವನು. ಆತ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಮೇಷ್ಟ್ರಾದ. ಇಲ್ಲಿಗೆ ಆಳೋಕೆ ಬರುವ ಹುಡುಗರಿಗೆ ಪಾಠ ಹೇಳಿದ. ಆ ಪಾಠದ ಬಿಸಿ ನಮಗೂ ತಾಗಿದೆ ಅಂತಲೇ ನನ್ನ ಅನಿಸಿಕೆ. 'ಜನ ಜಾಸ್ತಿ ಆದರು, ಬರ ಬಂತು' ಅನ್ನೋದು ಆಳುವವರಿಗೆ ಬಹಳ ಅನುಕೂಲದ ಮಾತು. ಮಳೆ ಹೋಗಿದ್ದು ನಿಜ. ಬೆಲೆ ಏರಿದ್ದೂ, ಕೊಳ್ಳೋಕೆ ಕೈಯಲ್ಲಿ ಕಾಸು ಇಲ್ಲದೇ ಹೋಗಿದ್ದೂ ಅಷ್ಟೇ ನಿಜ. ಅಂದು 50 ಲಕ್ಷ ಜನ ಜಾಸ್ತಿ ಆಗಿದ್ದರೆ, ಅದೇ ನೆಲ ಇವತ್ತು ಅದರ ಎಷ್ಟೋ ಪಟ್ಟು ಜನರಿಗೆ ಹೇಗೆ ಉಣ್ಣಿಸುತ್ತಿದೆ? 1965ರಲ್ಲಿ ಎಸ್ಟರ್ ಬೋಸರಪ್ ಅನ್ನೋ ಡೆನ್ಮಾರ್ಕಿನ ಹೆಣ್ಣುಮಗಳು ಮಾಲ್ತಸ್‌ನ ಮಾತನ್ನು ತಿರುಗಿಸಿ ಹಾಕಿದಳು. ಜನ ಜಾಸ್ತಿ ಆದಾಗ ರೈತ ಕೈಕಟ್ಟಿ ಕೂರೋಲ್ಲ, ಬೀಳು ಬಿಡೋದನ್ನು ಕಮ್ಮಿ ಮಾಡುತ್ತಾನೆ, ಗೊಬ್ಬರ ಹಾಕುತ್ತಾನೆ, ನೀರು ಕಟ್ಟುತ್ತಾನೆ ಅಂದಳು. ಇಬ್ಬರದ್ದೂ ಪೂರ್ತಿ ಸರಿಯಲ್ಲ. ಆದರೆ ಗದ್ದೆ ನೋಡಿದವರ ಮಾತು ಆಕೆಯದ್ದು.

1911ರಿಂದ 1921ರ ನಡುವೆ ಇಡೀ ಭಾರತದ ಜನಸಂಖ್ಯೆಯೇ ಕುಗ್ಗಿತು. ಎಣಿಕೆ ಶುರುವಾದ ಮೇಲೆ ಹಾಗಾಗಿದ್ದು ಆ ಒಂದೇ ದಶಕ. 1918ರ ಇನ್‌ಫ್ಲುಯೆಂಜಾ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಹೊತ್ತುಕೊಂಡು ಹೋಯಿತು. ಇವತ್ತು ಕರ್ನಾಟಕ ಅನ್ನೋ ಭಾಗದಲ್ಲಿ 1911ರಲ್ಲಿ 1 ಕೋಟಿ 35 ಲಕ್ಷ ಇದ್ದವರು 1921ರಲ್ಲಿ 1 ಕೋಟಿ 34 ಲಕ್ಷಕ್ಕೆ ಇಳಿದರು. ಆಗ ಹುಟ್ಟು, ಸಾವು ಎರಡೂ ಸಾವಿರಕ್ಕೆ 48ರ ಆಸುಪಾಸು. ಸರಾಸರಿ ಆಯಸ್ಸು ಇಪ್ಪತ್ತರ ಸುತ್ತಮುತ್ತ. ಇಪ್ಪತ್ತು ಅಂದರೆ ಎಲ್ಲರೂ ಇಪ್ಪತ್ತಕ್ಕೇ ಸಾಯುತ್ತಿದ್ದರು ಅಂತ ಅಲ್ಲ, ಹಾಗೆ ತಿಳಿಯಬೇಡಿ. ಎಪ್ಪತ್ತು ಬದುಕಿದ ಮುದುಕರೂ ಇದ್ದರು. ತೊಟ್ಟಿಲಲ್ಲೇ ಹೋದ ಕೂಸುಗಳು ಎಷ್ಟೋ ಜಾಸ್ತಿ ಇದ್ದವು. ಅವೆರಡನ್ನೂ ಕೂಡಿಸಿ ಭಾಗಿಸಿದರೆ ಇಪ್ಪತ್ತು.

ಆಮೇಲೆ ಸಾವು ಇಳಿಯಿತು. ಪ್ಲೇಗು, ಕಾಲರಾ ಹತೋಟಿಗೆ ಬಂದವು. ನಮ್ಮ ಕಡೆಗಂತೂ ದೊಡ್ಡ ವಿಷಯ ಮಲೇರಿಯಾ. 'ಮಲೆನಾಡಿಗೆ ಹೆಣ್ಣು ಕೊಡಬೇಡಿ, ಚಳಿಜ್ವರದಲ್ಲಿ ಹೋಗ್ತಾಳೆ' ಅಂತ ಬಯಲುಸೀಮೆಯವರು ಹೇಳುತ್ತಿದ್ದ ಕಾಲ ಇತ್ತಲ್ವಾ? 1950ರ ದಶಕದಲ್ಲಿ ಡಿಡಿಟಿ ಹೊಡೆಯುವವರು ಮನೆಮನೆಗೆ ಬಂದು ಗೋಡೆಗೆ ಸಿಂಪಡಿಸಿ ಹೋದ ಮೇಲೆ ಆ ಮಾತು ಮರೆಯಾಯಿತು. ಸಾವು ಇಳಿದರೂ ಹುಟ್ಟು ಇಳಿಯಲಿಲ್ಲ. ಎರಡು ಸತ್ತರೂ ಮೂರು ಉಳಿಯಲಿ ಅಂತ ಐದು ಹೆತ್ತವರಿಗೆ ಐದೂ ಉಳಿದುಬಿಟ್ಟವು. ಜನಸಂಖ್ಯೆ ನೆಗೆಯಿತು. ಕರ್ನಾಟಕದ ಅತಿ ಜೋರಿನ ಬೆಳವಣಿಗೆ 1971ರಿಂದ 81ರ ದಶಕದ್ದು, ಶೇಕಡಾ 26.75. ನಂತರ 21, ಆಮೇಲೆ 17.5, ಮತ್ತೆ 15.6. ಮಗು ಬದುಕುತ್ತದೆ ಅನ್ನೋ ನಂಬಿಕೆ ಬರೋಕೆ ಒಂದು ತಲೆಮಾರು ಬೇಕಾಯಿತು, ಅಷ್ಟೇ. ಮೊದಲು ಎರಡೂ ಮೇಲೆ, ಆಮೇಲೆ ಸಾವು ಕೆಳಗೆ, ಆಮೇಲೆ ಹುಟ್ಟೂ ಕೆಳಗೆ. ಇದಕ್ಕೆ ಜನಸಂಖ್ಯಾ ಪರಿವರ್ತನೆ ಅಂತ ಹೆಸರು. ವಾರೆನ್ ಥಾಂಪ್ಸನ್ 1929ರಲ್ಲಿ ಇದರ ರೂಪ ಗುರುತಿಸಿದ. ಫ್ರಾಂಕ್ ನೋಟ್‌ಸ್ಟೈನ್ 1945ರಲ್ಲಿ ಅದನ್ನು ಬೆಳೆಸಿದ. ಅವರ ಕಣ್ಣ ಮುಂದೆ ಇದ್ದಿದ್ದು ಯುರೋಪು. ಅಲ್ಲಿ ನೂರೈವತ್ತು ವರ್ಷ ಹಿಡಿದದ್ದು ನಮ್ಮಲ್ಲಿ ಅದರ ಅರ್ಧ ಕಾಲದಲ್ಲಿ ನಡೆದುಹೋಗಿದೆ.

ಇಲ್ಲೊಂದು ಹೆಮ್ಮೆಯ ಮಾತು. ಇದು ಪಠ್ಯದಲ್ಲಿ ಇರಲಿಲ್ಲ, ನಾನು ಸುಮ್ನೆ ಹೇಳುತ್ತಿದ್ದೆ. ಭಾರತ ಸರ್ಕಾರ ಕುಟುಂಬ ಯೋಜನೆ ಶುರು ಮಾಡಿದ್ದು 1952ರಲ್ಲಿ. ಮೈಸೂರು ಸರ್ಕಾರ 1930ರಲ್ಲೇ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯೋಕೆ ಆದೇಶ ಮಾಡಿತ್ತು. ಒಂದು ಸರ್ಕಾರವೇ ಮುಂದೆ ನಿಂತು ಹಾಗೆ ಮಾಡಿದ್ದು ಜಗತ್ತಿನಲ್ಲೇ ಮೊದಲು ಅಂತ ಹೇಳುತ್ತಾರೆ. ಹೆಮ್ಮೆಯ ಪಕ್ಕದಲ್ಲೇ ನಾಚಿಕೆಯ ಮಾತೂ ಒಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಸರದ್ದು ಲೆಕ್ಕಕ್ಕೇ ಬರೋದಿಲ್ಲ. ನಗಬೇಡಿ, ನಿಮ್ಮನ್ನೇ ಹೇಳಿದ್ದು.

ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ. ಅಪ್ಪ ಅಮ್ಮ ಇಬ್ಬರ ಜಾಗ ತುಂಬೋಕೆ 2.1 ಬೇಕು. ಆ 0.1 ಯಾಕೆ ಅಂದರೆ, ಹುಟ್ಟಿದ ಮಕ್ಕಳೆಲ್ಲ ದೊಡ್ಡವರಾಗುವ ತನಕ ಬದುಕೋಲ್ಲ, ಜೊತೆಗೆ ಹೆಣ್ಣಿಗಿಂತ ಗಂಡು ಹುಟ್ಟೋದು ಸ್ವಲ್ಪ ಜಾಸ್ತಿ. ನಾವು ಆ ಗೆರೆಗಿಂತ ಕೆಳಗೆ ಇಳಿದು ವರ್ಷಗಳಾಗಿವೆ. ಇನ್ನೂ ವೇದಿಕೆ ಮೇಲೆ 'ಜನಸಂಖ್ಯಾ ಸ್ಫೋಟ' ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ಹಳೇ ಗೈಡು ಓದಿ ಪರೀಕ್ಷೆಗೆ ಬಂದ ಹುಡುಗರ ನೆನಪಾಗುತ್ತದೆ.

ಇಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೈ ಎತ್ತಿದಳು. "ಸರ್, ಎರಡಕ್ಕಿಂತ ಕಮ್ಮಿ ಅಂದರೆ ಜನಸಂಖ್ಯೆ ಆಗಲೇ ಇಳೀಬೇಕಿತ್ತಲ್ವಾ? ಇನ್ನೂ ಯಾಕೆ ಏರ್ತಿದೆ?"

ಒಳ್ಳೇ ಪ್ರಶ್ನೆ. ತೊಟ್ಟಿಲು ತೂಗಿ ಕೈಬಿಟ್ಟ ಮೇಲೂ ಅದು ಸ್ವಲ್ಪ ಹೊತ್ತು ತೂಗುತ್ತಲೇ ಇರುತ್ತದಲ್ಲ, ಹಾಗೆ. ಮಕ್ಕಳು ಜಾಸ್ತಿ ಹುಟ್ಟಿದ ಕಾಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಈಗ ತಾಯಂದಿರು. ಒಬ್ಬೊಬ್ಬರಿಗೆ ಒಂದೋ ಎರಡೋ ಮಕ್ಕಳಾದರೂ ತಾಯಂದಿರೇ ಅಷ್ಟು ಜನ ಇದ್ದಾರೆ. ಇದಕ್ಕೆ ಜನಸಂಖ್ಯೆಯ ಓಘ ಅನ್ನಬಹುದು. ಇದು ಕಾಣಬೇಕಾದರೆ ವಯಸ್ಸಿನ ಚಿತ್ರ ಬರೆಯಬೇಕು. ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು, ಕೆಳಗೆ ಮಕ್ಕಳು, ಮೇಲೆ ಮುದುಕರು. ಜನಸಂಖ್ಯಾ ಪಿರಮಿಡ್ ಅಂತ ಹೇಳೋದು ಅದನ್ನೇ. ಐವತ್ತು ವರ್ಷದ ಹಿಂದೆ ಬರೆದಿದ್ದರೆ ದೇವಸ್ಥಾನದ ಗೋಪುರದ ಹಾಗೆ ಇರುತ್ತಿತ್ತು, ಬುಡ ಅಗಲ, ತುದಿ ಚೂಪು. ಈಗ ಮಣ್ಣಿನ ಹರವಿ ಹಾಗೆ, ಬುಡ ಸಣ್ಣ, ಹೊಟ್ಟೆ ದಪ್ಪ. ನಾನು ಗಣತಿ ಮಾಡಿದ ಆ ಊರಿನದ್ದನ್ನು ಬರೆದರೆ ಇನ್ನೊಂದು ಥರ. ನಡುವೆ, ಇಪ್ಪತ್ತರಿಂದ ನಲವತ್ತರ ಜಾಗದಲ್ಲಿ, ಇಲಿ ಕಚ್ಚಿದ ರೊಟ್ಟಿ.

ಹೊಟ್ಟೆ ದಪ್ಪ ಇರುವ ಕಾಲ ಒಳ್ಳೆಯ ಕಾಲ. ದುಡಿಯುವವರು ಜಾಸ್ತಿ, ಕೂತು ಉಣ್ಣುವ ಮಕ್ಕಳು ಮತ್ತು ಮುದುಕರು ಕಮ್ಮಿ. ಅವಲಂಬನೆ ಅನುಪಾತ ಇಳಿದಿದೆ ಅಂತ ಪುಸ್ತಕ ಹೇಳುತ್ತದೆ. ಆ ಹೊಟ್ಟೆ ಮೇಲಕ್ಕೆ ಸರಿಯುತ್ತದೆ ಅನ್ನೋದು ಮಾತ್ರ ಯಾರಿಗೂ ನೆನಪಿರೋಲ್ಲ.

ವಯಸ್ಸಿನ ಬಗ್ಗೆ ಒಂದು ತಮಾಷೆ. ಆ ತಾಯಿಗೆ ವಯಸ್ಸು ಕೇಳಿದೆ. "ಯಾರಿಗೆ ಗೊತ್ತಪ್ಪ. ಗಾಂಧಿ ಹೋದ ವರ್ಷ ನಂಗೆ ಹೊಸ ಲಂಗ ಹೊಲಿಸಿದ್ರು, ಶಾಲೆಗೆ ರಜಾ ಕೊಟ್ರು" ಅಂದರು. ಹತ್ತು ವರ್ಷದ ಹುಡುಗಿ ಅಂತ ಇಟ್ಟುಕೊಂಡು 63 ಅಂತ ಬರೆದೆ. ಯಜಮಾನರಿಗೆ ಕೇಳಿದರೆ ಠಕ್ಕನೆ "ಎಪ್ಪತ್ತು" ಅಂದರು. ಹಳೇ ಗಣತಿ ಪುಸ್ತಕ ತೆಗೆದು ನೋಡಿ. 39, 41 ವರ್ಷದವರು ಸ್ವಲ್ಪ. 40 ವರ್ಷದವರು ರಾಶಿ. 50, 60ಕ್ಕೂ ಅದೇ ಕತೆ. ಸೊನ್ನೆಗೆ, ಐದಕ್ಕೆ ಜನ ಹೋಗಿ ಅಂಟಿಕೊಳ್ಳುತ್ತಾರೆ. ಎಷ್ಟು ಅಂಟಿದ್ದಾರೆ ಅಂತ ಅಳೆಯೋಕೂ ಒಂದು ಸೂಚ್ಯಂಕ ಇದೆ. ಊರಲ್ಲಿ ಹುಟ್ಟಿದ ದಿನ ಬರೆದಿಡುವ ರೂಢಿ ಬಂತೋ ಇಲ್ಲವೋ ಅನ್ನೋದು ಅದರಲ್ಲೇ ಗೊತ್ತಾಗುತ್ತದೆ.

ಸಾಂದ್ರತೆಗೆ ಬರೋಣ. ಹಿಂದಿನ ಬೆಂಚಿನವರು ಎಚ್ಚರವಾಗಿರಿ. ಚದರ ಕಿಲೋಮೀಟರಿಗೆ ಎಷ್ಟು ಜನ ಅನ್ನೋ ಲೆಕ್ಕ ಇದು. 2011ರಲ್ಲಿ ಕರ್ನಾಟಕಕ್ಕೆ 319. ಬೆಂಗಳೂರು ನಗರ ಜಿಲ್ಲೆಗೆ 4,381. ಕೊಡಗಿಗೆ 135. ಉತ್ತರ ಕನ್ನಡಕ್ಕೆ 140. ಇದೂ ಸರಾಸರಿಯೇ. ನಮ್ಮ ಸರ್ಕಾರಿ ಬಸ್ಸು ಬೆಳಿಗ್ಗೆ ಕಾಲೇಜು ಹೊತ್ತಿಗೆ ಫುಟ್‌ಬೋರ್ಡ್ ಮೇಲೆ ಜೋತಾಡುತ್ತಾ ಹೋಗುತ್ತದೆ, ಮಧ್ಯಾಹ್ನ ಡ್ರೈವರ್ ಕಂಡಕ್ಟರ್ ಇಬ್ಬರೇ. ಸರಾಸರಿ ತೆಗೆದರೆ ಎಲ್ಲರಿಗೂ ಸೀಟು ಸಿಗುತ್ತದೆ! ಉತ್ತರ ಕನ್ನಡದ ಬಹುಪಾಲು ಕಾಡು. ಕಾಡನ್ನು ಬಿಟ್ಟು ಬೇಸಾಯದ ನೆಲಕ್ಕೆ ಮಾತ್ರ ಜನರನ್ನು ಹಂಚಿದರೆ 140 ಎಲ್ಲಿಗೋ ಹೋಗುತ್ತದೆ. ಇದರ ದೊಡ್ಡ ಉದಾಹರಣೆ ಈಜಿಪ್ಟು. ನಕ್ಷೆಯಲ್ಲಿ ದೊಡ್ಡ ದೇಶ. ಜನ ಎಲ್ಲ ನೈಲ್ ನದಿಯ ದಂಡೆ, ಅದರ ಮುಖಜಭೂಮಿ, ಅಷ್ಟರಲ್ಲೇ. ಉಳಿದದ್ದು ಮರಳು. ಹಾಗಾಗಿ ಇಷ್ಟು ನೆಲಕ್ಕೆ ಇಷ್ಟು ಜನ ಅಂದಾಗ 'ಯಾವ ನೆಲ?' ಅಂತ ಮರುಪ್ರಶ್ನೆ ಹಾಕಿ.

ಲಿಂಗಾನುಪಾತದಲ್ಲೂ ಇಂಥದ್ದೇ ಒಂದು ಗುಂಡಿ ಇದೆ. ನಾನೇ ವರ್ಷಗಟ್ಟಲೆ ಅದರಲ್ಲಿ ಬಿದ್ದಿದ್ದೆ. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ಬೆಂಗಳೂರು ನಗರದಲ್ಲಿ 916. 'ನೋಡಿ ಮಕ್ಕಳೇ, ಕರಾವಳಿಯಲ್ಲಿ ಹೆಣ್ಣಿಗೆ ಎಷ್ಟು ಗೌರವ' ಅಂತ ಪಾಠ ಮಾಡುತ್ತಿದ್ದೆ. ಅಳಿಯಕಟ್ಟು, ತಾಯಿಯ ಕಡೆಯಿಂದ ಆಸ್ತಿ, ಎಲ್ಲ ಸೇರಿಸಿ ಹೇಳುತ್ತಿದ್ದೆ. ಅದರಲ್ಲಿ ಸತ್ಯ ಇಲ್ಲ ಅಂತಲ್ಲ. ಆದರೆ ಒಬ್ಬ ಹುಡುಗ, ಅವನ ಅಮ್ಮನ ತವರು ಕುಂದಾಪುರದ ಕಡೆ, ಎದ್ದು ನಿಂತು "ಸಾರ್, ಗಂಡಸರೆಲ್ಲ ಬೊಂಬಾಯಿ ಹೋಟೆಲಲ್ಲಿ ಇದ್ದಾರೆ" ಅಂದ. ಅಷ್ಟೇ. ಒಂದೇ ವಾಕ್ಯ. ಉಡುಪಿಯ ಹೆಚ್ಚುವರಿ ಹೆಂಗಸರು ಅಂದರೆ ಮಾಟುಂಗದ ಹೋಟೆಲುಗಳಲ್ಲಿ, ಕೊಲ್ಲಿ ದೇಶಗಳಲ್ಲಿ ಇರುವ ಗಂಡಸರು. ಬೆಂಗಳೂರಿನ 916 ಅಂದರೆ ಕೆಲಸ ಹುಡುಕಿಕೊಂಡು ಒಬ್ಬೊಬ್ಬರೇ ಬಂದ ಗಂಡಸರು. ಹೆಣ್ಣನ್ನು ಹೇಗೆ ನೋಡಿಕೊಳ್ಳುತ್ತೇವೆ ಅಂತ ತಿಳಿಯಬೇಕಾದರೆ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಬೇಕು, ಅವರು ಹೋಟೆಲ್ ಕೆಲಸಕ್ಕೆ ಹೋಗೋಲ್ಲ. ಅಲ್ಲಿ ರಾಜ್ಯದ ಲೆಕ್ಕ 948. ಪ್ರಕೃತಿ ಕೊಡುವುದಕ್ಕೆ ಹತ್ತಿರ ಇದೆ, ಆದರೆ ಅಷ್ಟೂ ಇಲ್ಲ.

ವಲಸೆಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ, ನನಗೆ ಇಷ್ಟದ ವಿಷಯ ಇದು. 1885ರಲ್ಲಿ ರಾವೆನ್‌ಸ್ಟೈನ್ ಅನ್ನೋ ನಕ್ಷೆ ತಯಾರಕ ಲಂಡನ್ನಿನಲ್ಲಿ ಒಂದು ಪ್ರಬಂಧ ಓದಿದ. ಜನ ಊರು ಬಿಡೋದಕ್ಕೆ ಯಾವ ನಿಯಮವೂ ಇದ್ದಂತಿಲ್ಲ ಅಂತ ಯಾರೋ ಅಂದಿದ್ದರು. ಇವನು ಬ್ರಿಟನ್ನಿನ ಗಣತಿ ಪುಸ್ತಕ ಹಿಡಿದು ಕೂತು, ಇದೆ ಅಂತ ತೋರಿಸಿದ. ಬಹಳ ಜನ ದೂರ ಹೋಗೋಲ್ಲ, ಹತ್ತಿರಕ್ಕೆ ಹೋಗುತ್ತಾರೆ. ಹಳ್ಳಿಯಿಂದ ನೇರ ಮಹಾನಗರಕ್ಕೆ ಹಾರೋಲ್ಲ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತಾರೆ. ಹೋಗುವ ಪ್ರತಿ ಹರಿವಿಗೂ ಎದುರಾಗಿ ಒಂದು ಸಣ್ಣ ಹರಿವು ವಾಪಸ್ ಬರುತ್ತದೆ. ಹತ್ತಿರದ ದೂರಗಳಲ್ಲಿ ಗಂಡಸರಿಗಿಂತ ಹೆಂಗಸರ ಓಡಾಟವೇ ಜಾಸ್ತಿ.

ಆ ತಾಯಿಯ ಮಕ್ಕಳನ್ನೇ ತೆಗೆದುಕೊಳ್ಳಿ. ದೊಡ್ಡವನು ಮೊದಲು ಶಿವಮೊಗ್ಗಕ್ಕೆ ಓದೋಕೆ ಹೋದ, ಅಲ್ಲೇ ಎರಡು ವರ್ಷ ಅಂಗಡಿಯಲ್ಲಿ ಲೆಕ್ಕ ಬರೆದ, ಆಮೇಲೆ ಬೆಂಗಳೂರು. ಮೆಟ್ಟಿಲು ಸಿಕ್ಕಿತಲ್ಲ. ಎರಡನೆಯವನು ಮೆಟ್ಟಿಲು ಬಿಟ್ಟು ಒಂದೇ ನೆಗೆತಕ್ಕೆ ಮುಂಬೈಗೆ ಹೋದ. ಅಲ್ಲಿ ಸೋದರಮಾವ ಇದ್ದ. ಮಾವನನ್ನು ಅವನ ಭಾವ ಕರೆಸಿಕೊಂಡಿದ್ದ. ಒಬ್ಬ ಇನ್ನೊಬ್ಬನನ್ನು ಎಳೆದುಕೊಳ್ಳುವುದಕ್ಕೆ ಸರಪಳಿ ವಲಸೆ ಅಂತಾರೆ. ಎದುರು ಹರಿವು ಯಾವುದು? 2020ರ ಲಾಕ್‌ಡೌನಿನಲ್ಲಿ ಈ ಊರಿನ ಎಷ್ಟು ಮನೆಗಳಲ್ಲಿ ಒಣ ತಟ್ಟೆಗಳು ಒದ್ದೆಯಾದವು ಅಂತ ನೀವೇ ಹೇಳಬೇಕು. ಅಡಿಕೆ ಅಟ್ಟದ ಮೇಲೆ ಸಿಗ್ನಲ್ ಹುಡುಕುತ್ತಾ ಲ್ಯಾಪ್‌ಟಾಪ್ ಹಿಡಿದು ಕೂತವರು ಇಲ್ಲೇ ಕೆಲವರು ಇದ್ದೀರಿ.

ಹೆಂಗಸರ ಮಾತು ಬಾಕಿ ಇದೆ. ವಲಸೆ ಅಂದರೆ ನಮ್ಮ ಕಣ್ಣ ಮುಂದೆ ಬ್ಯಾಗು ಹಿಡಿದ ಗಂಡಸು ಬರುತ್ತಾನೆ. ಆದರೆ 2011ರ ಗಣತಿಯಲ್ಲಿ ಇಡೀ ದೇಶದಲ್ಲಿ ಸುಮಾರು 45 ಕೋಟಿ ವಲಸಿಗರು ಸಿಕ್ಕರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಾರಣ ಮದುವೆ. ಆ ತಾಯಿಗೆ "ನೀವು ಹುಟ್ಟಿದ್ದು ಎಲ್ಲಿ?" ಅಂತ ಕೇಳಿದಾಗ ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ ಹೆಸರು ಹೇಳಿದರು. ನಾನು ವಲಸೆಯ ಕಾಲಂ ತುಂಬಿದೆ. ಆ ಮನೆಯಲ್ಲಿ ಆವತ್ತು ಎಣಿಕೆಗೆ ಸಿಕ್ಕ ಒಬ್ಬರೇ ಒಬ್ಬ ವಲಸಿಗರು ಅಂದರೆ ಊರು ಬಿಟ್ಟು ಎಲ್ಲೂ ಹೋಗದ ಆ ಅಮ್ಮ!

ವಲಸೆ ಯಾಕೆ ಅನ್ನೋದಕ್ಕೆ 1966ರಲ್ಲಿ ಎವರೆಟ್ ಲೀ ಒಂದು ಸರಳ ಚಿತ್ರ ಕೊಟ್ಟ. ಇಲ್ಲಿಂದ ತಳ್ಳುವ ಕಾರಣ, ಅಲ್ಲಿಗೆ ಸೆಳೆಯುವ ಕಾರಣ, ನಡುವೆ ಅಡ್ಡಿ. ಚೆನ್ನಾಗಿದೆ. ಆದರೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ನಿಖರವಾದ ಒಂದು ಮಾತಿದೆ. ಗುಳೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆ 'ಗುಳೆ ಹೋದ್ರು' ಅಂದರೆ ಸಾಕು. ಸುಗ್ಗಿ ಮುಗೀತು, ಕೆಲಸ ಇಲ್ಲ, ಮನೆಗೆ ಬೀಗ, ಮಕ್ಕಳು ಮರಿ ಪಾತ್ರೆ ಪಗಡ ಸಮೇತ ಬೆಂಗಳೂರಿಗೋ ಮುಂಬೈಗೋ ಪುಣೆಗೋ, ಮಳೆ ಬಿದ್ದರೆ ವಾಪಸ್. ಇಷ್ಟೂ ಅರ್ಥ ಎರಡಕ್ಷರದಲ್ಲಿದೆ. ನಮ್ಮ ಹುಡುಗ ಬೆಂಗಳೂರಿಗೆ ಹೋಗುವಾಗ ಉಪ್ಪಿನಕಾಯಿ ಡಬ್ಬಿ ಜೊತೆಗೆ ಹೋಗುತ್ತದೆ. ಗುಳೆ ಹೋಗುವವರ ಜೊತೆ ಶಾಲೆಗೆ ಹೋಗಬೇಕಾದ ಮಗು ಹೋಗುತ್ತದೆ. ಕಟ್ಟುವ ಅಪಾರ್ಟ್‌ಮೆಂಟಿನ ಪಕ್ಕ ನೀಲಿ ಟಾರ್ಪಾಲಿನ ಶೆಡ್ಡು ನೋಡಿರುತ್ತೀರಿ. ಗಣತಿ ನಡೆಯುವುದು ಫೆಬ್ರವರಿಯಲ್ಲಿ, ಗುಳೆಯ ನಡುಗಾಲದಲ್ಲಿ. ಊರಿನ ಮನೆಗೆ ಬೀಗ, ಶೆಡ್ಡಿಗೆ ಮನೆ ನಂಬರ್ ಇಲ್ಲ. ಗಣತಿದಾರ ಮನಸ್ಸಿಟ್ಟು ಹುಡುಕಿದರೆ ಸಿಗುತ್ತಾರೆ, ಇಲ್ಲದಿದ್ದರೆ ಇಲ್ಲ.

ಹೋದವರ ಜಾಗ ಖಾಲಿ ಇರೋಲ್ಲ ಅನ್ನೋದೂ ನೋಡಿ. ಕಾಫಿ ತೋಟಕ್ಕೆ ಒಂದು ಕಾಲದಲ್ಲಿ ಘಟ್ಟದ ಕೆಳಗಿನವರು, ತಮಿಳುನಾಡಿನವರು ಬಂದರು. ಈಗ ಲೈನ್ ಮನೆಗಳಲ್ಲಿ ಅಸ್ಸಾಂ, ಜಾರ್ಖಂಡಿನ ಹುಡುಗರು. ಸಂತೆಯಲ್ಲಿ ಮೀನಿನ ಅಂಗಡಿಯವನು ಹಿಂದಿ ಕಲಿತಿದ್ದಾನೆ. ನಿಮ್ಮ ಮಗನನ್ನು ಬೆಂಗಳೂರು ಸೆಳೆದುಕೊಂಡಿತು, ಅವರ ಮಗನನ್ನು ನಿಮ್ಮ ತೋಟ ಸೆಳೆದುಕೊಂಡಿತು.

ನಗರ ಅಂದರೆ ಏನು ಅನ್ನೋದನ್ನು ಬೇಗ ಹೇಳಿಬಿಡುತ್ತೇನೆ, ಚಹಾ ಬರೋ ಹೊತ್ತಾಯಿತು. 2011ರಲ್ಲಿ ಕರ್ನಾಟಕದ ಶೇಕಡಾ 38.67 ಜನ ನಗರದವರು. ಪುರಸಭೆ ಇದ್ದರೆ ಊರು ನಗರವೇ. ಇಲ್ಲದಿದ್ದರೂ ಮೂರು ಷರತ್ತು ದಾಟಿದರೆ ಗಣತಿ ಅದನ್ನು ಪಟ್ಟಣ ಅನ್ನುತ್ತದೆ. ಐದು ಸಾವಿರ ಜನ ಇರಬೇಕು, ಚದರ ಕಿಲೋಮೀಟರಿಗೆ 400 ಜನ ಇರಬೇಕು, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯ ಬಿಟ್ಟು ಬೇರೆ ಕಸುಬಿನವರಾಗಿರಬೇಕು. ಗಂಡಸರಲ್ಲಿ! ಊರಿನ ಹೆಂಗಸರೆಲ್ಲ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದರೂ ಅದು ಪಟ್ಟಣವೇ.

ಹಿಂದಿನಿಂದ ಒಬ್ಬರು ಕೇಳಿದರು: "ಮೇಷ್ಟ್ರೇ, ಜನ ಕಮ್ಮಿ ಮಾಡಿಕೊಂಡಿದ್ದಕ್ಕೆ ಲೋಕಸಭೆ ಸೀಟೂ ಕಮ್ಮಿ ಆಗುತ್ತಂತೆ, ಹೌದಾ?"

ಲೋಕಸಭೆಯಲ್ಲಿ ಕರ್ನಾಟಕಕ್ಕೆ ಇರುವ 28 ಸೀಟು 1971ರ ಜನಸಂಖ್ಯೆಯ ಮೇಲೆ ಹಂಚಿದ್ದು. ಕುಟುಂಬ ಯೋಜನೆ ಮಾಡಿದ ರಾಜ್ಯಕ್ಕೆ ನಷ್ಟ ಆಗಬಾರದು ಅಂತ 1976ರಲ್ಲಿ ಆ ಹಂಚಿಕೆಯನ್ನು ಅಲ್ಲಿಗೇ ನಿಲ್ಲಿಸಿದರು. 2002ರಲ್ಲಿ ಮತ್ತೆ, 2026ರ ನಂತರದ ಮೊದಲ ಗಣತಿ ತನಕ ಅಂತ ಮುಂದೂಡಿದರು. 2021ರ ಗಣತಿ ಕೋವಿಡ್ ಬಂದು ತಪ್ಪಿಹೋಯಿತು. ಮುಂದಿನದ್ದರ ಲೆಕ್ಕದ ದಿನ 2027ರ ಮಾರ್ಚ್ 1 ಅಂತ ಗೊತ್ತು ಮಾಡಿದ್ದಾರೆ. ಒಬ್ಬ ಮನುಷ್ಯನಿಗೆ ಒಂದೇ ಬೆಲೆ ಇರಬೇಕು ಅನ್ನೋದು ಪ್ರಜಾಪ್ರಭುತ್ವದ ಮಾತು. ಹೇಳಿದ ಮಾತು ಕೇಳಿದವನಿಗೆ ಶಿಕ್ಷೆ ಆಗಬಾರದು ಅನ್ನೋದು ನ್ಯಾಯದ ಮಾತು. ಎರಡೂ ಒಟ್ಟಿಗೆ ಕೂರೋದು ಕಷ್ಟ. ನನ್ನನ್ನು ಕೇಳಿದರೆ ಎರಡನೆಯದರ ಕಡೆ ಸ್ವಲ್ಪ ವಾಲುತ್ತೇನೆ. ನಾನು ಕರ್ನಾಟಕದವನು, ಅದನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಕೊನೆಗೆ ಎದ್ದವರು ಒಬ್ಬ ತಾಯಿ. "ಮಗಳು ಬೆಂಗಳೂರಲ್ಲಿ ಪಿಜಿಯಲ್ಲಿ ಇದ್ದಾಳೆ. ಆಧಾರ್, ರೇಷನ್ ಕಾರ್ಡ್, ಓಟು ಎಲ್ಲ ಇಲ್ಲೇ. ಅವಳನ್ನ ಇಲ್ಲಿ ಬರೆಸ್ಲಾ?"

ಬೇಡ ಅಂದೆ. ಕಾರ್ಡು ಎಲ್ಲಿದೆ ಅಂತ ಗಣತಿ ಕೇಳೋಲ್ಲ. ಆ ದಿನಗಳಲ್ಲಿ ಅವಳು ಇರೋದು ಎಲ್ಲಿ ಅಂತ ಕೇಳುತ್ತದೆ. ಪಿಜಿಯಲ್ಲೇ ಬರೆಸಲಿ. ಇಬ್ಬರೂ ಬರೆಸಿದರೆ ಅವಳು ಇಬ್ಬರಾಗುತ್ತಾಳೆ, ಇಬ್ಬರೂ ಬಿಟ್ಟರೆ ಇಲ್ಲದೇ ಹೋಗುತ್ತಾಳೆ.

"ಫೆಬ್ರವರಿಯಲ್ಲಿ ನಮ್ಮೂರ ಜಾತ್ರೆ. ಆಗ ಬಂದಿರ್ತಾಳಲ್ಲ?"

"ಎಷ್ಟು ದಿನ ಇರ್ತಾಳೆ?"

"ಎರಡು ದಿನ. ರಜಾ ಕೊಡೋಲ್ಲ."

"ಹಾಗಾದ್ರೆ ಅಲ್ಲೇ ಅಮ್ಮ."

ಅವರು ಕೂತರು. ಪಕ್ಕದಲ್ಲಿದ್ದವರ ಕಿವಿಯಲ್ಲಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಚಹಾ ಬಂತು.